ನಮ್ಮ ದಿಣ್ಣೆ ಹೊಲ ಎಲ್ಲೆಲ್ಲಿ ನೀರು ಕುಡಿಯುತ್ತದೆ

ಒಂದು ಎಕರೆ ಹೊಲದ ಮೇಲೆ ಒಂದು ಇಂಚು ಮಳೆ ಬಿದ್ದರೆ ಹತ್ತಿರ ಹತ್ತಿರ 1 ಲಕ್ಷ ಲೀಟರ್ ನೀರು. ನಮ್ಮ ಚಿಂತಾಮಣಿ ಕಡೆ ಬೇಸಿಗೆಯಲ್ಲಿ ಓಡಾಡುವ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 20 ಟ್ಯಾಂಕರ್. ಅದೂ ಒಂದೇ ಸಂಜೆಗೆ, ಬಿಟ್ಟಿಯಾಗಿ. ಟ್ಯಾಂಕರಿಗೆ ದುಡ್ಡು ಎಣಿಸಿ ಕೊಟ್ಟವರಿಗೆ ಈ ಲೆಕ್ಕ ಸ್ವಲ್ಪ ಹೊಟ್ಟೆ ಉರಿಸುತ್ತದೆ. ಯಾಕೆಂದರೆ ಆ 20 ಟ್ಯಾಂಕರಿನಲ್ಲಿ ಹೊಲದೊಳಗೆ ಇಳಿದದ್ದು ಎಷ್ಟು, ಹಳ್ಳಕ್ಕೆ ಹೋದದ್ದು ಎಷ್ಟು ಅಂತ ಯಾರೂ ನೋಡಿರುವುದಿಲ್ಲ. ಆದರೆ ಕೇಳಿದರೆ ಮಾತ್ರ ಎಲ್ಲರ ಹತ್ತಿರವೂ ಒಂದು ಉತ್ತರ ರೆಡಿ ಇರುತ್ತದೆ. “ಕೆಮ್ಮಣ್ಣಲ್ವಾ, ಚೆನ್ನಾಗಿ ಕುಡಿಯುತ್ತೆ.” ಇಲ್ಲಾ ಅಂದರೆ, “ಇಳಿಜಾರಲ್ವಾ, ಎಲ್ಲಾ ಹರಿದು ಹೋಗುತ್ತೆ.”

ಪೂರ್ತಿ ಸುಳ್ಳೇನಲ್ಲ. ಆದರೆ ಇಳಿಜಾರಿನ ಯಾವ ಜಾಗ, ವರ್ಷದ ಯಾವ ತಿಂಗಳು, ಹೋದ ವಾರ ಆ ಮಣ್ಣಿನ ಮೇಲೆ ಏನು ಓಡಾಡಿದೆ, ಇಷ್ಟು ಹೇಳದೆ ಈ ಉತ್ತರಕ್ಕೆ ಅರ್ಥವೇ ಇಲ್ಲ ಅನ್ನುವುದು ನನ್ನ ತಕರಾರು.

ಈ ವಿಷಯ ತಲೆಗೆ ಹತ್ತಿದ್ದು ಮನೆಯಲ್ಲಿ ಕೃಷಿ ಹೊಂಡದ ಮಾತು ಬಂದಾಗ. ಚಿಕ್ಕಪ್ಪನಿಗೆ ಹೊಲದ ಕೆಳಗಿನ ಮೂಲೆಯಲ್ಲಿ ಹೊಂಡ ತೆಗೆಸುವ ಆಸೆ. ನೀರೆಲ್ಲಾ ಕೊನೆಗೆ ಅಲ್ಲಿಗೇ ಬರುತ್ತದೆ, ಅಲ್ಲೇ ಹಿಡಿದರೆ ಆಯಿತು ಅನ್ನುವುದು ಅವರ ವಾದ. ಅಲ್ಲಿಗೆ ಬರುವ ಮುಂಚೆ ಮೇಲೆ ಎಲ್ಲೆಲ್ಲಿ ಇಳಿಯುತ್ತದೆ, ಎಲ್ಲೆಲ್ಲಿ ಇಳಿಯದೆ ಜಾರುತ್ತದೆ ಅಂತ ಮೊದಲು ನೋಡೋಣ, ಮಿಕ್ಕಿದ್ದಕ್ಕೆ ಹೊಂಡ ಮಾಡೋಣ ಅನ್ನುವುದು ನನ್ನ ವಾದ. ಇಂಥವು ಊಟದ ಹೊತ್ತಿನಲ್ಲಿ ಕೂತು ಮುಗಿಸುವ ವಾದಗಳಲ್ಲ. ಹಾಗಾಗಿ ಪೈಪಿನ ತುಂಡೊಂದನ್ನು ಹಿಡಿದು ಹೊಲಕ್ಕೆ ಹೋದೆ.

ಜಾಗ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಮೇಲ್ಗಡೆ ಬೋಳು ಬಂಡೆಯ ಗುಡ್ಡ. ಚಿಕ್ಕಬಳ್ಳಾಪುರ, ಕೋಲಾರದ ಯಾವ ಊರಲ್ಲಿ ನಿಂತರೂ ಇಂಥದ್ದೊಂದು ಕಣ್ಣಿಗೆ ಬೀಳುತ್ತದೆ. ಅದರ ಬುಡದಲ್ಲಿ ಕುರುಚಲು ಗಿಡ, ಬೀಳು ಬಿಟ್ಟ ಗರಸು (ಕಲ್ಲುಹರಳಿನ) ನೆಲ. ಆಮೇಲೆ ನಮ್ಮ ರಾಗಿ ಹೊಲ, ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಪಕ್ಕದಲ್ಲಿ ಬೇರೆಯವರ ಟೊಮೇಟೊ. ಇನ್ನೂ ಕೆಳಗೆ ಹಿಪ್ಪುನೇರಳೆ ತೋಟ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇರುವವರೆಗೂ ಇದನ್ನು ನಮ್ಮ ಕಡೆ ಯಾರೂ ಕೀಳುವುದಿಲ್ಲ. ಕೊನೆಗೆ ಕೆರೆ ಅಂಗಳಕ್ಕೆ ತಾಗಿದ ಜೇಡಿ ನೆಲ. ಮೇಲಿಂದ ಕೆಳಕ್ಕೆ ಆರಾಮಾಗಿ ನಡೆದರೆ ಹತ್ತು ನಿಮಿಷದ ದಾರಿ.

ಈ ಹತ್ತು ನಿಮಿಷದೊಳಗೆ ಮಣ್ಣು ಬದಲಾಗುವುದಕ್ಕೆ ಕಾರಣ ಹಳೆಯದು. ನಮ್ಮ ಕಡೆ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಕಲ್ಲು. ಅದು ಸವೆದು, ಕೊಳೆತು ಮಣ್ಣಾಗುತ್ತದೆ. ಮಳೆ ಬಂದಾಗಲೆಲ್ಲಾ ನುಣ್ಣನೆಯ ಜೇಡಿ, ಗೋಡು (ನೀರು ಹೊತ್ತು ತರುವ ನುಣುಪು ಮಣ್ಣು) ಕೆಳಕ್ಕೆ ಹೋಗುತ್ತದೆ, ದಪ್ಪ ಮರಳು, ಕಲ್ಲುಹರಳು ಮೇಲೇ ಉಳಿಯುತ್ತವೆ. ಸಾವಿರಾರು ವರ್ಷ ಹೀಗೇ ನಡೆದರೆ ಗುಡ್ಡದ ಬುಡ ಒರಟು, ಕೆರೆಯ ಅಂಚು ನುಣುಪು. ಆದ್ದರಿಂದ ಮೇಲೆ ನೀರು ಬೇಗ ಇಳಿಯಬೇಕು, ಕೆಳಗೆ ನಿಧಾನ ಆಗಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಕೈಪಿಡಿಯಲ್ಲೂ ಹಾಗೇ ಇದೆ: ಮರಳು ಮಣ್ಣಿನಲ್ಲಿ ಗಂಟೆಗೆ 30 ಮಿ.ಮೀ.ಗಿಂತ ಜಾಸ್ತಿ, ಮರಳು ಮಿಶ್ರಿತ ಗೋಡು ಮಣ್ಣಿನಲ್ಲಿ (ಸ್ಯಾಂಡಿ ಲೋಮ್) 20ರಿಂದ 30, ಜೇಡಿಯಲ್ಲಿ ಬರೀ 1ರಿಂದ 5 ಮಿ.ಮೀ. ಪುಸ್ತಕ ಓದಿ ಸುಮ್ನೆ ಕೂತಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪುಸ್ತಕದ ಮಣ್ಣಿನ ಮೇಲೆ ಯಾರೂ ಟ್ರ್ಯಾಕ್ಟರ್ ಓಡಿಸಿರುವುದಿಲ್ಲ, ಕುರಿ ಮೇಯಿಸಿರುವುದಿಲ್ಲ.

ಅಳೆಯುವುದು ಕಷ್ಟದ ಕೆಲಸ ಅಲ್ಲ. 15 ಸೆಂ.ಮೀ. ಅಗಲದ ಪೈಪಿನ ತುಂಡನ್ನು ಮಣ್ಣಿಗೆ ಒಂದೆರಡು ಇಂಚು ಇಳಿಸಬೇಕು. ಒಳಗೆ ಸುಮಾರು 450 ಮಿ.ಲೀ. ನೀರು ಹಾಕಿದರೆ ಒಂದು ಇಂಚು ಮಳೆಗೆ ಸಮ. ಅದು ಪೂರ್ತಿ ಇಂಗುವುದಕ್ಕೆ ಎಷ್ಟು ಹೊತ್ತು ಅಂತ ಮೊಬೈಲಿನಲ್ಲಿ ನೋಡಿಕೊಂಡರೆ ಆಯಿತು. ವಿಜ್ಞಾನಿಗಳು ಸಾಮಾನ್ಯವಾಗಿ ಎರಡು ಉಂಗುರ ಬಳಸುತ್ತಾರೆ, ಒಳಗೆ 30 ಸೆಂ.ಮೀ.ದು, ಹೊರಗೆ 60 ಸೆಂ.ಮೀ.ದು. ಹೊರಗಿನ ಉಂಗುರದ ನೀರು ಪಕ್ಕಕ್ಕೆ ಹರಡಿ, ಒಳಗಿನದು ನೆಟ್ಟಗೆ ಕೆಳಕ್ಕೆ ಇಳಿಯಲಿ ಅಂತ. ನನ್ನ ಒಂಟಿ ಪೈಪಿನಲ್ಲಿ ನೀರು ಪಕ್ಕಕ್ಕೂ ಜಾರುವುದರಿಂದ ಇರುವುದಕ್ಕಿಂತ ವೇಗ ಜಾಸ್ತಿ ಕಾಣುತ್ತದೆ. ಆದರೆ ಈ ಜಾಗಕ್ಕೂ ಆ ಜಾಗಕ್ಕೂ ಹೋಲಿಸಿ ನೋಡುವುದಕ್ಕೆ ಇಷ್ಟು ಸಾಕು. ಚಿಕ್ಕಪ್ಪ ಬದುವಿನ ಮೇಲೆ ಕೂತು ನೋಡಿ, “ಏನಮ್ಮಾ, ಭೂಮಿತಾಯಿಗೆ ಲೋಟದಲ್ಲಿ ನೀರು ಕುಡಿಸ್ತಾ ಇದೀಯಾ?” ಅಂದರು. ಆಮೇಲೆ ಕೊಡ ಹೊತ್ತು ತಂದವರೂ ಅವರೇ ಅನ್ನಿ.

ಒಂದು ವಿಷಯ ಗಮನದಲ್ಲಿ ಇಟ್ಟುಕೊಳ್ಳಬೇಕು. ಒಣ ಮಣ್ಣಿಗೆ ಹಾಕಿದ ಮೊದಲನೇ ಇಂಚು ಗಟಗಟ ಅಂತ ಹೋಗುತ್ತದೆ, ಎರಡನೆಯದು ನಿಧಾನ, ಮೂರನೆಯದು ಇನ್ನೂ ನಿಧಾನ. ಆಮೇಲೆ ಒಂದು ವೇಗಕ್ಕೆ ಬಂದು ನಿಲ್ಲುತ್ತದೆ. ಒಣಗಿದ ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ನೀರನ್ನು ತಾವೇ ಎಳೆದುಕೊಳ್ಳುತ್ತವೆ. ಅವು ತುಂಬಿ, ತೇವ ಕೆಳಕ್ಕೆ ಇಳಿದ ಹಾಗೆ ಆ ಎಳೆತ ಕಮ್ಮಿಯಾಗಿ, ಕೊನೆಗೆ ನೀರಿನ ಭಾರವೊಂದೇ ಅದನ್ನು ಕೆಳಕ್ಕೆ ಒಯ್ಯುತ್ತದೆ. ಅಮೆರಿಕದ ರಾಬರ್ಟ್ ಹಾರ್ಟನ್ ಅನ್ನುವ ಎಂಜಿನಿಯರ್ 1933ರಲ್ಲೇ ಇದನ್ನು ಮಳೆ ಮತ್ತು ಹರಿನೀರಿನ ಲೆಕ್ಕಕ್ಕೆ ತಂದರು: ಮಣ್ಣು ಕುಡಿಯುವ ವೇಗಕ್ಕಿಂತ ಮಳೆಯ ವೇಗ ಜಾಸ್ತಿ ಆದಾಗ ಮಿಕ್ಕ ನೀರು ಮೇಲೆ ಹರಿಯುತ್ತದೆ. ಹಾಗಾಗಿ ಮೊದಲ ಇಂಚನ್ನು ನೋಡಿ “ನಮ್ಮ ಹೊಲ ಎಷ್ಟು ಹಾಕಿದರೂ ಕುಡಿಯುತ್ತೆ” ಅಂತ ತೀರ್ಮಾನಕ್ಕೆ ಬರಬಾರದು. ಎರಡನೇ ಇಂಚು ನೋಡಿ, ಮೂರನೆಯದು ನೋಡಿ.

ಈಗ ಹೊಲಕ್ಕೆ ಬರೋಣ.

ಮೇಲಿನ ಗರಸಿನಲ್ಲಿ ನೀರು ಕೆಲವು ಕಡೆ ಒಂದೆರಡು ನಿಮಿಷದಲ್ಲಿ ಮಾಯ. ಅಲ್ಲಿಂದ ಎರಡು ಮಾರು ಆಚೆ, ಕುರಿಗಳು ದಿನಾ ಓಡಾಡುವ ಜಾಡಿನಲ್ಲಿ, ಅದೇ ನೀರು ಕನ್ನಡಿ ಹಾಗೆ ನಿಂತುಬಿಟ್ಟಿತು. ಮಣ್ಣು ಅದೇ, ಇಳಿಜಾರೂ ಅದೇ. ಕಲ್ಲುಗಳ ವಿಷಯ ಇನ್ನೂ ಮಜಾ ಇದೆ. ಮಣ್ಣಿನ ಮೇಲೆ ಸಡಿಲವಾಗಿ ಕೂತ ಕಲ್ಲುಹರಳು ಮಳೆ ಹನಿಯ ಏಟನ್ನು ತಾನು ತಿಂದು ಕೆಳಗಿನ ಮಣ್ಣನ್ನು ಕಾಯುತ್ತದೆ, ಅದರ ಅಂಚಿನಿಂದ ನೀರು ಒಳಗೆ ಜಾರುತ್ತದೆ. ಅದೇ ಕಲ್ಲು ಗಟ್ಟಿಯಾದ ಮೇಲ್ಪದರದೊಳಗೆ ಹೂತು ಕೂತಿದ್ದರೆ ಉಲ್ಟಾ, ನೀರನ್ನು ತಡೆದು ಕೆಳಕ್ಕೆ ಓಡಿಸುತ್ತದೆ. ಬೇರೆ ದೇಶಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ನಮ್ಮ ಹಳಬರು ದೊಡ್ಡ ಕಲ್ಲು ಆರಿಸಿ ಬದುವಿಗೆ ಹಾಕುತ್ತಿದ್ದರು, ಚಿಕ್ಕ ಹರಳುಗಳನ್ನು ಹೊಲದಲ್ಲೇ ಬಿಡುತ್ತಿದ್ದರು. ಈಗ ಯಂತ್ರ ತಂದು ಕಲ್ಲೆಲ್ಲಾ ಬಾಚಿ ಹೊಲವನ್ನು ಅಂಗಳದ ಹಾಗೆ ನೀಟಾಗಿ ಮಾಡುವುದು ನೋಡಿದರೆ ನನಗೆ ಹೆದರಿಕೆ ಆಗುತ್ತದೆ.

ಆದರೆ ಗರಸಿಗೆ ನೀರು ಬೇಗ ಇಳಿಯುತ್ತದೆ ಅಂದ ಮಾತ್ರಕ್ಕೆ ಅದು ಒಳ್ಳೆ ಹೊಲ ಅಂತಲ್ಲ. ಇಂಗುವುದು ಬೇರೆ, ಹಿಡಿದು ಇಟ್ಟುಕೊಳ್ಳುವುದು ಬೇರೆ. ಮಳೆ ಒಂದು ವಾರ ಕೈ ಕೊಟ್ಟರೆ ಮೊದಲು ಬಾಡುವುದು ಮೇಲಿನ ರಾಗಿಯೇ. ಅಲ್ಲಿ ಒಂದೂವರೆ ಅಡಿ ಅಗೆದರೆ ಅರ್ಧ ಕೊಳೆತ ಕಲ್ಲು ಸಿಗುತ್ತದೆ. ನೀರು ಪೈರಿನ ಬೇರು ದಾಟಿ ಅದರೊಳಗೆ ಹೋಗುತ್ತದೆ. ಪೈರಿಗೆ ನಷ್ಟ, ಬಾವಿಗೆ ಲಾಭ. ಈ ಒಂದು ವ್ಯತ್ಯಾಸ ಮನಸ್ಸಿಗೆ ಬಂದರೆ ಹೊಂಡದ ಜಗಳ ಅರ್ಧ ತೀರಿದ ಹಾಗೆ, ಅದಕ್ಕೆ ಆಮೇಲೆ ಬರುತ್ತೇನೆ.

ರಾಗಿ ಹೊಲದ್ದು ದೊಡ್ಡ ಕಥೆ. ನಮ್ಮ ಕೆಮ್ಮಣ್ಣಿನ ದೊಡ್ಡ ರೋಗ ಅಂದರೆ ಹಕ್ಕಳೆ ಕಟ್ಟುವುದು. ದಪ್ಪ ಮಳೆ ಹನಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದು ಹೊಡೆಯುತ್ತದೆ. ಈ ಮಣ್ಣಿನಲ್ಲಿ ಸಾವಯವ ಅಂಶ ಕಮ್ಮಿ, ಕಣಗಳನ್ನು ಹಿಡಿದಿಡುವ ಅಂಟು ಕಮ್ಮಿ. ಏಟಿಗೆ ಮಣ್ಣಿನ ಉಂಡೆಗಳು ಒಡೆದು ಪುಡಿಯಾಗುತ್ತವೆ, ನುಣ್ಣನೆಯ ಪುಡಿ ನೀರಿನ ಜೊತೆ ಇಳಿದು ರಂಧ್ರಗಳ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಕೆಲವೇ ಮಿ.ಮೀ. ದಪ್ಪದ ಒಂದು ಮುಚ್ಚಳ ತಯಾರಾಗುತ್ತದೆ. ಅದರ ಕೆಳಗೆ ಮಣ್ಣು ಒಣಗಿಯೇ ಇರುತ್ತದೆ, ಮೇಲೆ ನೀರು ಕೆಂಪಗೆ ಓಡುತ್ತಿರುತ್ತದೆ. ನೀವೂ ನೋಡಿರುತ್ತೀರಿ: ಜೋರು ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಕಾಲಿನಲ್ಲಿ ಕೆದಕಿದರೆ ಎರಡು ಬೆರಳು ಕೆಳಗೆ ಧೂಳು. ಹೈದರಾಬಾದಿನ ಹತ್ತಿರ ಇರುವ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಕೆಂಪು ಮಣ್ಣು, ಕಪ್ಪು ಮಣ್ಣು ಎರಡರ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಜೇಡಿ ಜಾಸ್ತಿ ಇರುವ ಕಪ್ಪು ಮಣ್ಣಿಗಿಂತ ಕೆಂಪು ಮಣ್ಣಿನಲ್ಲೇ ಎಷ್ಟೋ ಸಲ ಹರಿದು ಹೋಗುವ ನೀರು ಜಾಸ್ತಿ ಅಂತ ಅವರು ಕಂಡುಕೊಂಡರು, ಕಾರಣಗಳಲ್ಲಿ ಈ ಹಕ್ಕಳೆಯೂ ಒಂದು. “ಕೆಮ್ಮಣ್ಣಲ್ವಾ, ಕುಡಿಯುತ್ತೆ” ಅನ್ನುವವರಿಗೆ ಇದನ್ನು ಹೇಳಬೇಕು.

ಹಾಗಾದರೆ ರಾಗಿ ಹೊಲದ ಇಂಗುವ ವೇಗ ಎಷ್ಟು? ಯಾವತ್ತಿನದು ಅಂತ ಕೇಳಬೇಕು. ಉತ್ತ ಮಾರನೇ ದಿನ ಪೈಪು ಇಟ್ಟರೆ ನೀರು ಕಣ್ಮುಂದೆಯೇ ಇಳಿದು ಹೋಗುತ್ತದೆ. ಬಿತ್ತನೆ ಆಗಿ ಎರಡು ಜೋರು ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಅರ್ಧ ಗಂಟೆ ಕಾದರೂ ನೀರು ಮಿಕ್ಕಿರುತ್ತದೆ. ಸಾಲಿನ ನಡುವೆ ಮಣ್ಣು ಕೆದಕುವ ಕುಂಟೆ ಹೊಡೆದ ಮೇಲೆ ಮತ್ತೆ ವೇಗ ಹಿಡಿಯುತ್ತದೆ. ಪೈರು ಬೆಳೆದು ನೆಲ ಮುಚ್ಚಿದ ಮೇಲೆ ಹನಿಯ ಏಟು ನೇರವಾಗಿ ಮಣ್ಣಿಗೆ ಬೀಳುವುದಿಲ್ಲ, ಹಕ್ಕಳೆ ಕಟ್ಟುವುದು ಕಮ್ಮಿ. ಕುಂಟೆ ಹೊಡೆಯುವುದು ಬರೀ ಕಳೆಗೆ ಅಂತ ಈಗಿನವರು ತಿಳಿದಿದ್ದಾರೆ, ಕಳೆನಾಶಕ ಬಂದ ಮೇಲೆ ಕುಂಟೆ ಯಾಕೆ ಅಂತ ಕೇಳುತ್ತಾರೆ. ಚಿಕ್ಕಪ್ಪನ ಉತ್ತರ ಚಿಕ್ಕದು: “ಕಳೆ ಸಾಯುತ್ತೆ, ನೆಲ ಬಾಯಿ ಬಿಡಲ್ಲ.”

ಮೇಲಿನ ಹಕ್ಕಳೆ ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಟ್ರ್ಯಾಕ್ಟರಿನ ರೋಟವೇಟರ್ ವರ್ಷ ವರ್ಷ ಒಂದೇ ಆಳಕ್ಕೆ ಹೊಡೆದರೆ ಅದರ ಕೆಳಗೆ ಮಣ್ಣು ಅದುಮಿ ಅದುಮಿ ಗಟ್ಟಿ ಪದರ ಆಗುತ್ತದೆ, ಹದ ತಪ್ಪಿ ಒದ್ದೆಯಲ್ಲಿ ಹೊಡೆದರಂತೂ ಇನ್ನೂ ಬೇಗ. ಆಗ ಮೊದಲ ಇಂಚು, ಎರಡನೇ ಇಂಚು ಚೆನ್ನಾಗಿ ಇಳಿದು, ಆಮೇಲೆ ಥಟ್ಟನೆ ನಿಲ್ಲುತ್ತದೆ. ಮೇಲಿನ ಅರ್ಧ ಅಡಿ ರಾಡಿ, ಕೆಳಗೆ ಒಣ. ಒಂದು ಕಬ್ಬಿಣದ ಸರಳು ತೆಗೆದುಕೊಂಡು ಚುಚ್ಚಿ ನೋಡಿ, ಆ ಪದರಕ್ಕೆ ಬಂದಾಗ ಕೈಗೆ ಗೊತ್ತಾಗುತ್ತದೆ. ನಮ್ಮ ಹೊಲದಲ್ಲಿ ತೊಗರಿ ಇದ್ದ ಸಾಲುಗಳಲ್ಲಿ ಸರಳು ಸಲೀಸಾಗಿ ಹೋಗುವ ಜಾಗಗಳು ಸಿಕ್ಕವು. ತೊಗರಿ ಬೇರು ಆಳಕ್ಕೆ ಹೋಗುತ್ತದೆ, ಸತ್ತು ಕೊಳೆತ ಮೇಲೆ ಅದರ ಜಾಗ ನೀರಿಗೆ ದಾರಿ. ಅಕ್ಕಡಿ ಸಾಲು ಬಿಟ್ಟು ಬರೀ ಒಂದೇ ಬೆಳೆ ಹಾಕುವವರು ಈ ದಾರಿಯನ್ನೂ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ, ಅಂದರೆ ಜಿಕೆವಿಕೆಯ, ಒಣಬೇಸಾಯದವರು 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿ, ಆ ಎರಡು ತೊಗರಿ ಸಾಲಿನ ನಡುವೆ ನೀರು ನಿಲ್ಲಿಸುವುದಕ್ಕೆ ಒಂದು ಆಳವಾದ ಸಾಲು ತೆಗೆಯಿರಿ ಅಂತ ಶಿಫಾರಸು ಮಾಡುತ್ತಾರೆ. ಅದು ಇಳಿಜಾರಿಗೆ ಅಡ್ಡಲಾಗಿ ಇರಬೇಕು. ಟ್ರ್ಯಾಕ್ಟರ್ ತಿರುಗಿಸುವುದಕ್ಕೆ ಸುಲಭ ಅಂತ ಮೇಲಿಂದ ಕೆಳಕ್ಕೆ ಸಾಲು ಎಳೆದರೆ ಅದು ನೀರಿಗೆ ಹಾಕಿಕೊಟ್ಟ ಕಾಲುವೆ.

ಹೊಲ ಮಟ್ಟ ಮಾಡಿಸಿದವರು ಇನ್ನೊಂದನ್ನು ಗಮನಿಸಬೇಕು. ಜೆಸಿಬಿ ಏನು ಮಾಡುತ್ತದೆ? ಮೇಲಿನ ಅಂಚಿನ ಮಣ್ಣು ಕೆತ್ತಿ ಕೆಳಗಿನ ಅಂಚಿಗೆ ತುಂಬುತ್ತದೆ. ಕೆತ್ತಿದ ಕಡೆ ಒಳಗಿನ ಗಟ್ಟಿ ಮಣ್ಣು ಬಯಲಿಗೆ ಬಂದಿರುತ್ತದೆ, ತುಂಬಿದ ಕಡೆ ಆಳವಾದ ಸಡಿಲ ಮಣ್ಣು. ನೋಡುವುದಕ್ಕೆ ಒಂದೇ ಮಟ್ಟ, ಒಂದೇ ಬಣ್ಣ. ನೀರು ಹಾಕಿದರೆ ಎರಡು ಬೇರೆ ಬೇರೆ ಹೊಲ. ನಮ್ಮ ಮಧ್ಯದ ಪಟ್ಟಿಯಲ್ಲಿ ಮೇಲಂಚಿನ ರಾಗಿ ಯಾಕೆ ಪ್ರತಿ ವರ್ಷ ಗಿಡ್ಡ ಅನ್ನುವುದಕ್ಕೆ ಮನೆಯಲ್ಲಿ ಗೊಬ್ಬರದಿಂದ ಹಿಡಿದು ದೃಷ್ಟಿಯವರೆಗೆ ಕಾರಣ ಹುಡುಕಿದ್ದಾರೆ. ಪೈಪಿನ ನೀರು ಅಲ್ಲಿ ಅಲ್ಲಾಡದೆ ನಿಂತಾಗ ಚಿಕ್ಕಪ್ಪ ಬಗ್ಗಿ ನೋಡಿ ಏನೂ ಮಾತಾಡಲಿಲ್ಲ. ಮಾರನೇ ವಾರ ಕೊಟ್ಟಿಗೆ ಗೊಬ್ಬರದ ಗಾಡಿ ಆ ಅಂಚಿಗೇ ಹೋಯಿತು.

ಇಡೀ ಇಳಿಜಾರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನೀರು ಕುಡಿದ ಜಾಗ ಯಾವುದು ಗೊತ್ತಾ? ಯಾರೂ ಏನೂ ಬೆಳೆಯದ ಜಾಗ, ಹುಲ್ಲು ಬೆಳೆದ ಹಳೆಯ ಬದು. ಅಲ್ಲಿ ಯಾರೂ ಉಳುವುದಿಲ್ಲ, ಹುಲ್ಲಿನ ಬೇರು, ಇರುವೆ, ಗೆದ್ದಲು, ಎರೆಹುಳು ಎಲ್ಲಾ ಸೇರಿ ತೂತು ಮಾಡಿ ಇಟ್ಟಿರುತ್ತವೆ. ಆದರೆ ಬದುವಿನ ಮೇಲ್ಗಡೆ ಪಕ್ಕ, ಅಂದರೆ ನೀರು ಬಂದು ನಿಲ್ಲುವ ಕಡೆ, ಗೋಡು ಕೂತು ಕೂತು ನುಣ್ಣಗಾಗಿ ನೀರು ನಿಧಾನ. ಮೂರು ಅಡಿ ಅಂತರದಲ್ಲಿ ಹೊಲದ ಅತ್ಯುತ್ತಮ ಜಾಗ, ಅತಿ ಕೆಟ್ಟ ಜಾಗ ಎರಡೂ. ಅಣ್ಣತಮ್ಮಂದಿರ ಭಾಗ ಆದಾಗಲೆಲ್ಲಾ ಬದು ಕೆತ್ತಿ ಕೆತ್ತಿ ಒಂದೊಂದು ಸಾಲು ಒಳಗೆ ಹಾಕಿಕೊಳ್ಳುತ್ತಾರಲ್ಲ, ಅವರು ಬಾಯಿ ಮುಚ್ಚುತ್ತಿರುವುದು ತಮ್ಮ ಹೊಲದ್ದೇ.

ಟೊಮೇಟೊ ಹೊಲದ ಪ್ಲಾಸ್ಟಿಕ್ ಹೊದಿಕೆ ಬಗ್ಗೆ ಎರಡು ಮಾತು. ಡ್ರಿಪ್ ನೀರು ಉಳಿಸುವುದಕ್ಕೆ ಅದು ಒಳ್ಳೆಯದೇ, ಆವಿಯಾಗುವುದು ಕಮ್ಮಿ, ಕಳೆ ಕಮ್ಮಿ. ಆದರೆ ಮಳೆಯ ದೃಷ್ಟಿಯಿಂದ ಅರ್ಧ ಹೊಲಕ್ಕೆ ತಗಡು ಹೊದಿಸಿದ ಹಾಗೆ. ಏರಿನ ಮೇಲೆ ಬಿದ್ದ ನೀರೂ ನಡುವಿನ ಸಾಲಿಗೇ ಬರುತ್ತದೆ, ಆ ಸಾಲು ಆಳುಗಳು ದಿನಾ ತುಳಿದು ಗಟ್ಟಿಯಾದದ್ದು. ಎರಡರಷ್ಟು ನೀರು, ಅರ್ಧದಷ್ಟು ಬಾಯಿ. ಮೇ ತಿಂಗಳ ಒಂದು ಗುಡುಗು ಮಳೆಗೆ ಆ ಹೊಲದಿಂದ ನಮ್ಮ ತೋಟಕ್ಕೆ ಬರುವ ನೀರಿನ ರಭಸ ನೋಡಬೇಕು.

ನೀಲಗಿರಿ ತೋಪಿನ ಕೆಳಗೂ ಒಂದು ವಿಚಿತ್ರ ಇದೆ. ಬೇಸಿಗೆಯ ಕೊನೆಗೆ ಒಣಗಿದ ತರಗೆಲೆ ಸರಿಸಿ ಮಣ್ಣಿನ ಮೇಲೆ ನಾಲ್ಕು ಹನಿ ಬಿಟ್ಟರೆ ಮಣಿಯಂತೆ ಉರುಳುತ್ತವೆ, ಒಳಗೆ ಹೋಗುವುದಿಲ್ಲ. ಎಲೆಯ ಮೇಣ, ಎಣ್ಣೆ ಮಣ್ಣಿನ ಕಣಗಳಿಗೆ ಅಂಟಿಕೊಂಡಿರುತ್ತದೆ. ಒಂದೆರಡು ಮಳೆ ಆಗಿ ಚೆನ್ನಾಗಿ ನೆನೆದ ಮೇಲೆ ಸರಿಹೋಗುತ್ತದೆ, ಆದರೆ ಮೊದಲ ಮಳೆ ಹೋಯಿತು ಅಂತಲೇ. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಕಡಿದ ಮೇಲೂ ಬುಡದಿಂದ ಚಿಗುರುತ್ತಲೇ ಇವೆ.

ಹಿಪ್ಪುನೇರಳೆ ತೋಟ ಸಮಾಧಾನದ ಜಾಗ. ವರ್ಷಾನುಗಟ್ಟಲೆ ನಿಂತ ಬೇರು, ಹಾಕಿದ ಗೊಬ್ಬರ, ಉದುರಿದ ಎಲೆ. ಸೊಪ್ಪು ಕೊಯ್ಯುವವರು ನಡೆಯುವ ಸಾಲು ಒಂದು ಬಿಟ್ಟರೆ ನೀರು ಬಹಳ ಕಡೆ ಚೆನ್ನಾಗಿ ಇಳಿಯುತ್ತದೆ.

ಕೆಳಗಿನ ಜೇಡಿ ನೆಲಕ್ಕೆ ಬಂದರೆ ಆಟದ ನಿಯಮವೇ ಬೇರೆ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿರುತ್ತದೆ, ಪೈಪು ಬಿರುಕಿನ ಮೇಲೆ ಕೂತರೆ ಎಷ್ಟು ನೀರು ಹಾಕಿದರೂ ಸಾಲದು. ಮಳೆ ಬಿದ್ದು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅಲ್ಲಾಡುವುದೇ ಇಲ್ಲ. ನಮ್ಮ ಕಡೆ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹುಬ್ಬೆ, ಉತ್ತರೆ, ಹಸ್ತ ಮಳೆಗಳು ಚೆನ್ನಾಗಿ ಆದ ವರ್ಷ ಮೇಲಿನಿಂದ ಮಣ್ಣಿನೊಳಗೇ ಜಿನುಗಿ ಬಂದ ನೀರು ಇಲ್ಲಿ ತುಂಬಿಕೊಂಡು ನೆಲ ಪೂರ್ತಿ ನೆಂದು ಹೋಗಿರುತ್ತದೆ. ಆಮೇಲೆ ಬರುವ ಮಳೆ ತುಂತುರು ಆದರೂ ಹರಿಯುತ್ತದೆ, ಒಳಗೆ ಜಾಗವೇ ಇಲ್ಲ. ಹಾರ್ಟನ್ ಹೇಳಿದ ಲೆಕ್ಕಕ್ಕೆ ಇದು ಸಿಗುವುದಿಲ್ಲ. 1970ರಲ್ಲಿ ಥಾಮಸ್ ಡನ್ ಮತ್ತು ರಿಚರ್ಡ್ ಬ್ಲ್ಯಾಕ್ ಅಮೆರಿಕದ ವರ್ಮಾಂಟ್‌ನ ಇಳಿಜಾರುಗಳಲ್ಲಿ ಅಳೆದು, ಅಲ್ಲಿ ಹರಿನೀರು ಬಹುಪಾಲು ಹುಟ್ಟುವುದು ಕೆಳಗಿನ ಈ ನೆನೆದ ಜಾಗಗಳಲ್ಲೇ ಅಂತ ತೋರಿಸಿದರು. ಅದು ತಂಪು ದೇಶ, ಮಣ್ಣೂ ಬೇರೆ. ಆದರೆ ನಮ್ಮ ಒಂದೇ ಇಳಿಜಾರಿನಲ್ಲಿ ಎರಡೂ ನಡೆಯುತ್ತವೆ: ಮೇ, ಜೂನ್‌ನ ಬಿರುಸು ಮಳೆಗೆ ಮೇಲಿನ ಹಕ್ಕಳೆ ನೆಲದಿಂದ ನೀರು ಓಡುತ್ತದೆ, ಅಕ್ಟೋಬರ್‌ನ ಜಡಿಮಳೆಗೆ ಕೆಳಗಿನ ತುಂಬಿದ ನೆಲದಿಂದ. ಒಂದಕ್ಕೆ ಕುಂಟೆ, ಗೊಬ್ಬರ ಮದ್ದು. ಇನ್ನೊಂದಕ್ಕೆ ಏನು ಮಾಡಿದರೂ ಅಷ್ಟೇ, ಬಿಡಿ, ಕೆರೆ ತುಂಬಲಿ.

ಇನ್ನೂ ಒಂದು ಸಂಗತಿ ನನಗೆ ಪೈಪಿನಿಂದ ಗೊತ್ತಾಗಲಿಲ್ಲ, ಮಳೆಯಲ್ಲಿ ಕೊಡೆ ಹಿಡಿದು ಹೊಲದಲ್ಲಿ ನಿಂತಾಗ ಗೊತ್ತಾಯಿತು. ಒಂದು ಜಾಗ ನೀರು ಕುಡಿಯಲಿಲ್ಲ ಅಂದರೆ ಆ ನೀರು ಹೊಲ ಬಿಟ್ಟು ಹೋಯಿತು ಅಂತಲ್ಲ. ನಾಲ್ಕು ಮಾರು ಕೆಳಗೆ ಒಂದು ಸಡಿಲ ಜಾಗ ಸಿಕ್ಕರೆ ಅಲ್ಲಿ ಇಳಿಯುತ್ತದೆ. ಇಳಿಜಾರು ಉದ್ದ ಇದ್ದಷ್ಟೂ, ನಡುವೆ ಬದು, ಹುಲ್ಲು, ಪೊದೆ ಇದ್ದಷ್ಟೂ ಹೀಗೆ ದಾರಿಯಲ್ಲಿ ಸಿಕ್ಕಿಕೊಳ್ಳುವ ನೀರು ಜಾಸ್ತಿ. ಹಾಗಾಗಿ ಚಿಕ್ಕ ಜಾಗದಲ್ಲಿ ಅಳೆದ ಹರಿನೀರನ್ನು ಎಕರೆಗೆ ಗುಣಿಸಿ ಹೊಂಡದ ಗಾತ್ರ ಹೇಳಿದರೆ ಹೊಂಡ ಅರ್ಧ ಖಾಲಿ ಉಳಿಯಬಹುದು.

ಸರಾಸರಿ ತೆಗೆಯುವುದರಲ್ಲೂ ಮೋಸ ಇದೆ. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸನ್ ಮತ್ತು ಸಂಗಡಿಗರು 150 ಹೆಕ್ಟೇರಿನ ಒಂದು ಹೊಲದಲ್ಲಿ ಬೇರೆ ಬೇರೆ ಕಡೆ ಅಳೆದು ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಹೆಸರುವಾಸಿ. ಮಣ್ಣಿನಲ್ಲಿ ನೀರು ಹಾಯುವ ವೇಗ ಜಾಗದಿಂದ ಜಾಗಕ್ಕೆ ಎಷ್ಟೋ ಪಟ್ಟು ಬದಲಾಗುತ್ತದೆ, ಬಹಳ ಜಾಗಗಳಲ್ಲಿ ಕಮ್ಮಿ ಇದ್ದು ಕೆಲವೇ ಜಾಗಗಳಲ್ಲಿ ವಿಪರೀತ ಜಾಸ್ತಿ ಇರುತ್ತದೆ. ಆ ಕೆಲವೇ ಜಾಗಗಳು ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತವೆ. ಅಂಥ ಕಡೆ ಎಲ್ಲಾ ಅಂಕಿಗಳನ್ನು ಸಾಲಾಗಿ ಬರೆದು ನಡುವಿನದನ್ನು ನೋಡುವುದು ವಾಸಿ.

ಈ ಹಿನ್ನೆಲೆಯಲ್ಲಿ ಅಂತರ್ಜಲದ ಸರ್ಕಾರಿ ಲೆಕ್ಕ ನೋಡಿದರೆ ನಗು ಬರುತ್ತದೆ. 1997ರ ಅಂತರ್ಜಲ ಅಂದಾಜು ಸಮಿತಿಯ ಪಟ್ಟಿಯಲ್ಲಿ ಕೊಳೆತ ಗ್ರಾನೈಟ್, ನೈಸ್ ನೆಲಕ್ಕೆ ಜೇಡಿ ಕಮ್ಮಿ ಇದ್ದರೆ ಮಳೆಯ 11%, ಜೇಡಿ ಜಾಸ್ತಿ ಇದ್ದರೆ 8% ಅಂತರ್ಜಲಕ್ಕೆ ಸೇರುತ್ತದೆ ಅಂತ ಇದೆ. ವರ್ಷಕ್ಕೆ 700 ಮಿ.ಮೀ. ಮಳೆ ಅಂದುಕೊಂಡರೆ 11% ಅಂದರೆ 77 ಮಿ.ಮೀ., ಎಕರೆಗೆ 3 ಲಕ್ಷ ಲೀಟರಿನ ಮೇಲೆ. ದೇಶಕ್ಕೆಲ್ಲಾ ಲೆಕ್ಕ ಹಾಕುವವರಿಗೆ ಇಂಥ ಒಂದು ಅಂಕಿ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಹೊಲದ ಮೇಲೆ ನಿಂತು ನೋಡಿದರೆ ಆ 11% ಎಲ್ಲಾ ಕಡೆ ಸಮವಾಗಿ ಇಳಿಯುತ್ತಿಲ್ಲ. ಹುಲ್ಲಿನ ಬದು, ಗುಡ್ಡದ ಬುಡದ ಗರಸು, ಬಂಡೆಯ ಬಿರುಕು, ಇಂಥ ಕಡೆ ಸಿಕ್ಕಾಪಟ್ಟೆ ಇಳಿಯುತ್ತದೆ, ಮಿಕ್ಕ ಕಡೆ ಬಂದದ್ದನ್ನು ಪೈರು ಮತ್ತು ಬಿಸಿಲು ತಿಂದುಬಿಡುತ್ತವೆ.

ಹೊಂಡದ ಜಗಳ ಇಲ್ಲಿಗೆ ಬಂತು. ಕೆಳಗಿನ ಮೂಲೆಯಲ್ಲಿ ಹೊಂಡ ತೆಗೆದರೆ ನೀರು ನಿಲ್ಲುತ್ತದೆ, ನಿಜ. 2014ರಿಂದ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ತೆಗೆದ ಹೊಂಡಗಳಿಗೆ ಪ್ಲಾಸ್ಟಿಕ್ ಹಾಸುವುದೂ ಅದಕ್ಕೇ. ಅದು ತೊಟ್ಟಿ, ಇಂಗುವ ಗುಂಡಿ ಅಲ್ಲ. ಮಳೆ ಕೈ ಕೊಟ್ಟಾಗ ಒಂದು ಸಲ ಪೈರಿಗೆ ಕೊಡುವುದಕ್ಕೆ ಬೇಕಾದರೆ ಅದು ಸರಿ. ಬೋರ್‌ವೆಲ್‌ಗೆ ನೀರು ಬರಲಿ ಅನ್ನುವ ಆಸೆ ಇದ್ದರೆ ಜಾಗ ಅದಲ್ಲ, ಕೆಳಗಿನ ಜೇಡಿ ಗಂಟೆಗೆ 5 ಮಿ.ಮೀ. ಕೂಡ ಕುಡಿಯುವುದು ಅನುಮಾನ. ಗುಡ್ಡದ ಬುಡದಲ್ಲಿ, ಬೀಳು ಬಿದ್ದ ಗರಸಿನಲ್ಲಿ, ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ತೆಗೆಯಬೇಕು. ಮಧ್ಯದಲ್ಲಿ ಬದು ಗಟ್ಟಿ ಮಾಡಿ ಹುಲ್ಲು ಬಿಡಬೇಕು. ಮೇಲಿಂದ ಶುರು ಮಾಡಿ ಕೆಳಗೆ ಬನ್ನಿ ಅಂತ ಜಲಾನಯನದವರು ಯಾವತ್ತಿಂದಲೋ ಹೇಳುತ್ತಿದ್ದಾರೆ. ಸುಜಲ ಅನ್ನುವ ಜಲಾನಯನ ಯೋಜನೆ ಬಂದ ಕಾಲಕ್ಕೆ ನಮ್ಮ ತಾಲ್ಲೂಕು ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು, ಆ ಯೋಜನೆಯ 5 ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಆಗ ತೆಗೆದ ಟ್ರೆಂಚುಗಳು ಸುತ್ತಮುತ್ತ ಇನ್ನೂ ಇವೆ, ಬಹಳಷ್ಟು ಗೋಡು ತುಂಬಿ ಚಪ್ಪಟೆ ಆಗಿವೆ. ಟ್ರೆಂಚಿನ ತಳಕ್ಕೂ ಹಕ್ಕಳೆ ಕಟ್ಟುತ್ತದೆ, ಅದನ್ನು ವರ್ಷಕ್ಕೊಮ್ಮೆ ಕೆರೆದು ತೆಗೆಯದಿದ್ದರೆ ಮೂರನೇ ವರ್ಷಕ್ಕೆ ಅದೊಂದು ಕೊಳಕು ತೊಟ್ಟಿ. ತೆಗೆಸುವುದಕ್ಕೆ ದುಡ್ಡು ಸಿಗುತ್ತದೆ, ಕೆರೆಯುವುದಕ್ಕೆ ಸಿಗುವುದಿಲ್ಲ, ಇದೇ ಕಷ್ಟ.

ಚಿಕ್ಕಪ್ಪ ಹೊಂಡ ಬಿಟ್ಟಿಲ್ಲ. ಈ ವರ್ಷ ಮೇಲೆ ಟ್ರೆಂಚ್, ಮುಂದಿನ ವರ್ಷ ಕೆಳಗೆ ಹೊಂಡ, ಅದೂ ಮೊದಲು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಅಂತ ಮಾತಾಗಿದೆ. ನನಗೂ ಅದು ಸರಿ ಅನ್ನಿಸಿದೆ.

ನೀವೂ ಪೈಪು ಹಿಡಿದು ಹೊರಡುವುದಾದರೆ ಕೆಲವು ಕಿವಿಮಾತು. ಪೈಪನ್ನು ಸುತ್ತಿಗೆಯಲ್ಲಿ ನೇರವಾಗಿ ಬಡಿದರೆ ಹಕ್ಕಳೆ ಒಡೆದು ಅಂಚಿನಲ್ಲಿ ನೀರು ಸೋರುತ್ತದೆ, ಮೇಲೊಂದು ಮರದ ಹಲಗೆ ಇಟ್ಟು ನಿಧಾನವಾಗಿ ಇಳಿಸಿ. ನೀರನ್ನು ಎತ್ತರದಿಂದ ಸುರಿಯಬೇಡಿ, ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ನೀರು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳಿ. ಚೆನ್ನಾಗಿರುವ ಜಾಗ ಮಾತ್ರ ಆರಿಸಬೇಡಿ, ಎತ್ತು, ಟ್ರ್ಯಾಕ್ಟರ್ ತಿರುಗುವ ಜಾಗವೂ ಹೊಲವೇ. ಅಂಕಿಯ ಪಕ್ಕ ತಾರೀಖು, ಹಿಂದಿನ ಉಳುಮೆ ಯಾವತ್ತು, ಹಿಂದಿನ ಮಳೆ ಯಾವತ್ತು ಅಂತ ಬರೆದಿಡಿ. ಇಲ್ಲದಿದ್ದರೆ ನನ್ನ ಜೂನ್ ಅಂಕಿಯನ್ನು ನಿಮ್ಮ ಅಕ್ಟೋಬರ್ ಅಂಕಿಯ ಪಕ್ಕ ಇಟ್ಟುಕೊಂಡು ನಾವಿಬ್ಬರೂ ಸುಮ್ನೆ ಜಗಳ ಆಡಬೇಕಾಗುತ್ತದೆ.